ಒಬ್ಬಟ್ಟಿಗೋಸ್ಕರ ಬೆಳಗ್ಗೆ ಉಪವಾಸ ಇರಬಹುದಾ?

ಪ್ರಶ್ನೆ (ಮಂಡ್ಯ ಪಕ್ಕದ ಹಳ್ಳಿಯಿಂದ): ನಮಸ್ತೆ ಮೇಡಂ. ನಮ್ಮತ್ತೆಗೆ 62 ವರ್ಷ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿರುವ ಮಾತ್ರೆ ನುಂಗುತ್ತಾರೆ. ಯುಗಾದಿ ದಿನ ಬೆಳಗ್ಗೆ ಮಾತ್ರೆ ಮಾತ್ರ ತಗೊಂಡು ಹೊಟ್ಟೆ ಖಾಲಿ ಬಿಡ್ತೀನಿ, ಮಧ್ಯಾಹ್ನ ನಾಲ್ಕು ಒಬ್ಬಟ್ಟು ತಿಂತೀನಿ ಅಂತಿದ್ದಾರೆ. ನಮ್ಮಲ್ಲಿ ಎಲೆ ಹಾಕುವಾಗ ಎರಡು ಗಂಟೆ ಆಗುತ್ತದೆ. ಬೆಲ್ಲ ಊರಿನ ಆಲೆಮನೆಯದೇ, ಅದರಿಂದ ಶುಗರ್ ಏರಲ್ಲ ಅನ್ನುವುದು ಅವರ ವಾದ. ನಿಜಾನಾ?

ಉತ್ತರ (ಆಹಾರ ತಜ್ಞೆ, ಮೈಸೂರು): ಒಬ್ಬಟ್ಟಿನ ಮಾತು ಆಮೇಲೆ. ಮೊದಲು ಆ ಉಪವಾಸ ಬೇಡವೇ ಬೇಡ. ಗ್ಲಿಮೆಪಿರೈಡ್ ಕೆಲಸ ಏನು ಗೊತ್ತಾ? ಊಟ ಬಂದಿರಲಿ ಬಿಡಲಿ, ಮೈಯಲ್ಲಿ ಇನ್ಸುಲಿನ್ ಬಿಡಿಸುವುದು. ಮಾತ್ರೆ ನುಂಗಿ ಮಧ್ಯಾಹ್ನ ಎರಡು ಗಂಟೆವರೆಗೆ ಖಾಲಿ ಹೊಟ್ಟೆಯಲ್ಲಿ ಒಲೆ ಮುಂದೆ ನಿಂತರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಕ, ಬೆವರು, ಕಣ್ಣು ಮಂಜು, ಸುಮ್ನೆ ಸಿಡಿಮಿಡಿ. ಹಬ್ಬದ ಗಡಿಬಿಡಿಯಲ್ಲಿ ಇದನ್ನೆಲ್ಲ ಸುಸ್ತು ಅಂದುಕೊಂಡು ಬಿಡುತ್ತಾರೆ. ಹಾಗೇನಾದರೂ ಆದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪೂಜೆ ಮುಗಿಯುವ ತನಕ ಏನೂ ತಿನ್ನಲ್ಲ ಅನ್ನುವುದು ಅವರ ವ್ರತವಾದರೆ ಅದಕ್ಕೂ ದಾರಿ ಇದೆ. ಎರಡು ದಿನ ಮುಂಚೆಯೇ ವೈದ್ಯರನ್ನು ಕೇಳಿ ಮಾತ್ರೆಯ ಹೊತ್ತು ಬದಲಿಸಿಕೊಳ್ಳಿ. ನೀವೇ ನಿಲ್ಲಿಸಬೇಡಿ. ಇಲ್ಲದಿದ್ದರೆ ಬೆಳಗ್ಗೆ ಎರಡು ಇಡ್ಲಿಯೋ ಒಂದು ರಾಗಿ ರೊಟ್ಟಿಯೋ ತಿನ್ನಿಸಿ. ಹಸಿದು ಕೂತವರು ಎಲೆ ಮುಂದೆ ಲೆಕ್ಕ ಇಡುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಈಗ ಬೆಲ್ಲ. ಮಂಡ್ಯದವರಿಗೆ ಬೆಲ್ಲದ ವಿಷಯ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಆಲೆಮನೆ ಬೆಲ್ಲವೂ ಕಬ್ಬಿನ ಸಕ್ಕರೆಯೇ. ಕೆಮಿಕಲ್ ಇಲ್ಲದಿದ್ದರೆ ಒಳ್ಳೆಯದೇ, ಆದರೆ ಶುಗರ್ ಏರಿಸುವುದರಲ್ಲಿ ಸಕ್ಕರೆಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಲೆಕ್ಕ ಹಾಕಿ: ಕಾಲು ಕೆಜಿ ಬೇಳೆಗೆ ಕಾಲು ಕೆಜಿ ಬೆಲ್ಲ ಹಾಕಿ 16 ಒಬ್ಬಟ್ಟು ತಟ್ಟಿದರೆ ಒಂದೊಂದರಲ್ಲಿ ಹತ್ತಿರ ಹತ್ತಿರ 15 ಗ್ರಾಂ ಬೆಲ್ಲ. ಕಣಕದ ಮೈದಾ ಬೇರೆ. ಆರೋಗ್ಯವಂತರಿಗೇ ದಿನಕ್ಕೆ 25 ಗ್ರಾಂ ಒಳಗೆ ಸಕ್ಕರೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಬೆಲ್ಲವೂ ಆ ಲೆಕ್ಕದಲ್ಲೇ ಬರುತ್ತದೆ. ನಾಲ್ಕು ಒಬ್ಬಟ್ಟು ಅಂದರೆ ಎಲ್ಲಿಗೆ ಹೋಯಿತು ನೋಡಿ. ಬೆಳಗ್ಗೆ ಬೇವು ತಿಂದಿದ್ದೀವಲ್ಲ ಅನ್ನುವವರೂ ಇದ್ದಾರೆ. ಆ ಎರಡು ಎಸಳು ಇದನ್ನು ತಡೆಯುವುದಿಲ್ಲ.

ಹಾಗಂತ ಒಬ್ಬಟ್ಟೇ ಬೇಡ ಅಂದರೆ ಅತ್ತೆ ಅಡುಗೆಮನೆಯಲ್ಲಿ ನಿಂತು ಕದ್ದು ತಿನ್ನುತ್ತಾರೆ. ಒಂದು ಬಡಿಸಿ, ಬಿಸಿಯಾಗಿ, ಒಂದು ಚಮಚ ತುಪ್ಪದ ಜೊತೆ. ಅದಕ್ಕೂ ಮುಂಚೆ ಹೆಸರುಬೇಳೆ ಕೋಸಂಬರಿ, ಪಲ್ಯ ಹೊಟ್ಟೆಗೆ ಹೋಗಿರಲಿ. ಆಗ ಶುಗರ್ ಒಮ್ಮೆಲೇ ಹಾರುವುದಿಲ್ಲ. ಒಬ್ಬಟ್ಟು ತಿಂದ ದಿನ ಪಾಯಸ ಬಿಡಲಿ, ಚಿತ್ರಾನ್ನ, ಅನ್ನ ಎರಡರಲ್ಲಿ ಒಂದೇ ಇರಲಿ. ಊಟ ಆದ ಕೂಡಲೇ ಮಲಗದೆ ಹದಿನೈದು ನಿಮಿಷ ಬೀದಿಯಲ್ಲಿ ಓಡಾಡಲಿ.

ನನ್ನ ಹತ್ತಿರ ಬರುವವರಲ್ಲಿ ಹಬ್ಬದ ದಿನಕ್ಕಿಂತ ಹಬ್ಬ ಕಳೆದ ವಾರವೇ ಜಾಸ್ತಿ ತೊಂದರೆ ಕೊಡುತ್ತದೆ. ಡಬ್ಬಿ ತುಂಬ ಒಬ್ಬಟ್ಟು, ಕಾಫಿ ಜೊತೆ ದಿನಾ ಒಂದು. ಮಾಡುವಾಗಲೇ ಕಮ್ಮಿ ಮಾಡಿ, ಉಳಿದದ್ದನ್ನು ನೆಂಟರ ಕೈಗೆ ಕಟ್ಟಿಕೊಡಿ.

ಪ್ರಶ್ನೆ (ಮೈಸೂರಿನಿಂದ): ಮೇಡಂ, ನಮಗೆ ಮಾರನೇ ದಿನವೇ ನಿಜವಾದ ಹಬ್ಬ! ಹೊಸತೊಡಕಿಗೆ ಊರಿಗೆ ಹೋಗುತ್ತೇವೆ, ಗುಡ್ಡೆ ಮಾಂಸ ಹಾಕಿಸಿದ್ದಾರೆ, ಬಂಡೂರು ಕುರಿ. ನನಗೆ ಕೊಲೆಸ್ಟ್ರಾಲ್ ಜಾಸ್ತಿ, ಯೂರಿಕ್ ಆಸಿಡ್ ಕೂಡ ಇದೆ. ಮುದ್ದೆ ಜೊತೆ ತಿಂದರೆ ಪರವಾಗಿಲ್ವಾ?

ಉತ್ತರ: ಬಂಡೂರು ಕುರಿಗೆ ಹೆಸರು ಬಂದಿರುವುದೇ ಮಾಂಸದೊಳಗೆ ಹೊಕ್ಕಿರುವ ನೆಣದಿಂದ ಸಾರ್. ಅಲ್ಲೇ ನಿಮಗೆ ತೊಂದರೆ. ಬೇರೆ ನೆಣ ಕಂಡರೆ ತೆಗೆಸಿಬಿಡಿ. ಸಾರು ಬೆಳಗ್ಗೆಯೇ ಕುದಿಸಿ ಆರಲು ಬಿಟ್ಟರೆ ಮೇಲೆ ಕೊಬ್ಬು ಕಟ್ಟುತ್ತದೆ, ಸೌಟಿನಲ್ಲಿ ತೆಗೆದು ಮತ್ತೆ ಬಿಸಿ ಮಾಡಿ. ರುಚಿ ಸ್ವಲ್ಪ ಹೋಗುತ್ತದೆ, ಸುಳ್ಳು ಹೇಳಲ್ಲ. ಯೂರಿಕ್ ಆಸಿಡ್ ಇರುವವರು ಈಲಿ, ಗುಂಡಿಗೆ, ಬೋಟಿ ಮುಟ್ಟದೇ ಇರುವುದೇ ಲೇಸು. ನಾಲ್ಕೈದು ತುಂಡು ಸಾಕು, ರಾತ್ರಿಗೆ ಅದೇ ಸಾರು ಬೇಡ. ನೀರು ಚೆನ್ನಾಗಿ ಕುಡಿಯಿರಿ. ಆವತ್ತು ಬಿಯರ್ ಕುಡಿದರೆ ಕೀಲು ಊದಿಕೊಂಡು ಮಧ್ಯರಾತ್ರಿ ಎಬ್ಬಿಸಬಹುದು.

ಮುದ್ದೆ ಒಳ್ಳೆಯದೇ, ಸುಣ್ಣದ ಅಂಶ ಚೆನ್ನಾಗಿದೆ. ಆದರೆ ರಾಗಿ ಹಿಟ್ಟಿನಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಒಂದು ಮುದ್ದೆ ಉಂಡ ಮೇಲೆ ಅದರ ಮೇಲೆ ಅನ್ನವೂ ಬೇಕಾ?

ಪ್ರಶ್ನೆ (ಮಂಡ್ಯದವರೇ ಮತ್ತೆ): ಅತ್ತೆ ಒಂದೇ ಒಬ್ಬಟ್ಟಿಗೆ ಒಪ್ಪಿದರು ಮೇಡಂ! ಆದರೆ ಒಬ್ಬಟ್ಟಿನ ಸಾರನ್ನು ಲೋಟಗಟ್ಟಲೆ ಕುಡಿಯಬಹುದಲ್ವಾ ಅಂತ ಕೇಳುತ್ತಿದ್ದಾರೆ.

ಉತ್ತರ: ಬುದ್ಧಿವಂತರು! ಅದು ಬೇಳೆ ಬಸಿದ ನೀರು, ಸರಿ. ಆದರೆ ಹೂರಣ ರುಬ್ಬಿ ಹಾಕುತ್ತೀರಲ್ಲ, ಬೆಲ್ಲ ಅಲ್ಲೂ ಇದೆ, ಉಪ್ಪೂ ಇದೆ. ಅನ್ನಕ್ಕೆ ಒಂದು ಸೌಟು, ಕುಡಿಯಲು ಅರ್ಧ ಲೋಟ. ಅವರ ಪಾಲಿಗೆ ಹೂರಣ ಹಾಕುವ ಮುಂಚೆಯೇ ಒಂದಿಷ್ಟು ಬಸಿದ ಕಟ್ಟು ತೆಗೆದಿಟ್ಟು ಬೇರೆ ಒಗ್ಗರಣೆ ಕೊಟ್ಟರೆ ಇನ್ನೊಂದು ಲೋಟಕ್ಕೂ ನನ್ನ ತಕರಾರಿಲ್ಲ.