ರೈಜನ್ 5600ಎಕ್ಸ್ ಓವರ್‌ಕ್ಲಾಕ್: ಬೇಸಿಗೆಯಲ್ಲಿ ಎಷ್ಟು ತಾಪಮಾನದವರೆಗೆ ಧೈರ್ಯವಾಗಿರಬಹುದು?

ಪ್ರಶ್ನೆ ಕೇಳಿದವರು: ಶಹಾಬಾದ್‌ಕಲ್ಲು

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಮನೆಯಿಂದಲೇ ಕಟ್ಟಡಗಳ ತ್ರೀಡಿ ಚಿತ್ರಗಳನ್ನು ಬ್ಲೆಂಡರ್‌ನಲ್ಲಿ ಸಿದ್ಧಪಡಿಸಿಕೊಡುವ ಕೆಲಸ ಮಾಡುತ್ತೇನೆ. ನನ್ನ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಚಿಕ್ಕದಾದ್ದರಿಂದ ದೊಡ್ಡ ದೃಶ್ಯಗಳನ್ನು ಪ್ರೊಸೆಸರ್ ಮೇಲೆಯೇ ರೆಂಡರ್ ಮಾಡಬೇಕಾಗುತ್ತದೆ (ಅಂದರೆ ಲೆಕ್ಕ ಹಾಕಿಸಿ ಅಂತಿಮ ಚಿತ್ರವನ್ನು ಮೂಡಿಸಬೇಕಾಗುತ್ತದೆ), ಅದು ಗಂಟೆಗಟ್ಟಲೆ ನಡೆಯುವುದೂ ಉಂಟು. ಯಂತ್ರದಲ್ಲಿರುವುದು ಎಎಂಡಿಯ ರೈಜನ್ 5 5600ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಒಂದೇ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್, ಮುಂಭಾಗಕ್ಕೆ ಗಾಜು ಇರುವ ಕ್ಯಾಬಿನೆಟ್.

ಮದರ್‌ಬೋರ್ಡಿನ ಮೂಲ ಹೊಂದಾಣಿಕೆಗಳಿರುವ ಬಯೋಸ್‌ನಲ್ಲಿ ಆರೂ ಕೋರ್‌ಗಳಿಗೆ 4.65 ಗಿಗಾಹರ್ಟ್ಸ್ ವೇಗವನ್ನೂ 1.325 ವೋಲ್ಟ್ ಅನ್ನೂ ಸ್ಥಿರವಾಗಿ ಕೊಟ್ಟು ಓವರ್‌ಕ್ಲಾಕ್ ಮಾಡಿದ್ದೇನೆ, ಅಂದರೆ ಮಾಮೂಲಿಗಿಂತ ಹೆಚ್ಚು ವೇಗದಲ್ಲಿ ಓಡಿಸುತ್ತಿದ್ದೇನೆ. ಫೆಬ್ರವರಿಯ ಈ ದಿನಗಳಲ್ಲಿ ಕೋಣೆ 28 ಡಿಗ್ರಿ ಇರುವಾಗ ಸಿನೆಬೆಂಚ್ ಆರ್23 ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿದರೆ ಎಚ್‌ಡಬ್ಲ್ಯೂಇನ್ಫೋ ಎಂಬ ಅಳತೆಯ ತಂತ್ರಾಂಶ 84 ಡಿಗ್ರಿ ತೋರಿಸುತ್ತದೆ, ಮದರ್‌ಬೋರ್ಡಿನ ಜೊತೆಗೆ ಬಂದ ತಂತ್ರಾಂಶ 76 ಎನ್ನುತ್ತದೆ. ಯಾವ ಕೆಲಸವೂ ಇಲ್ಲದಿರುವಾಗಲೂ ತಾಪಮಾನ 42ರಿಂದ 58ಕ್ಕೆ ಜಿಗಿದು ಮತ್ತೆ ಇಳಿಯುತ್ತದೆ, ಅದರ ಜೊತೆಗೇ ಫ್ಯಾನಿನ ಸದ್ದೂ ಏರಿಳಿಯುತ್ತದೆ.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವುದು ವಾಡಿಕೆ. ಎರಡರಲ್ಲಿ ಯಾವ ಸಂಖ್ಯೆಯನ್ನು ನಂಬಬೇಕು, ಇದೇ ಹೊಂದಾಣಿಕೆಯನ್ನು ಬೇಸಿಗೆಯಲ್ಲಿ ಉಳಿಸಿಕೊಳ್ಳಬಹುದೇ, ಪ್ರೊಸೆಸರಿನ ಆಯುಷ್ಯಕ್ಕೆ ಇದರಿಂದ ಧಕ್ಕೆಯಾಗುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಈ ಯಂತ್ರವೇ ನನ್ನ ಜೀವನೋಪಾಯವಾದ್ದರಿಂದ ಅಂದಾಜಿನ ಮೇಲೆ ನಡೆಯಲು ಮನಸ್ಸಿಲ್ಲ.

ಉತ್ತರ: ಸಂಖ್ಯಾಪ್ರಿಯ

ನೀವು ಕೋಣೆಯ ತಾಪಮಾನವನ್ನೂ ಬರೆದಿರುವುದು ಬಹಳ ಒಳ್ಳೆಯದಾಯಿತು. ಅದಿಲ್ಲದೆ ಹೇಳುವ ಯಾವ ಸಂಖ್ಯೆಗೂ ಅರ್ಥವಿರುವುದಿಲ್ಲ.

ನಂಬಬೇಕಾದದ್ದು ಎಚ್‌ಡಬ್ಲ್ಯೂಇನ್ಫೋದಲ್ಲಿ 'ಟಿಸಿಟಿಎಲ್/ಟಿಡೈ' ಎಂಬ ಹೆಸರಿನಲ್ಲಿ ಕಾಣುವ ಸಾಲನ್ನು. ಅದು ಪ್ರೊಸೆಸರ್ ತಾನೇ ತನ್ನೊಳಗಿನ ಸೆನ್ಸರ್‌ಗಳಿಂದ ಲೆಕ್ಕ ಹಾಕಿ ಕೊಡುವ ಮೌಲ್ಯ. ಬಿಸಿ ಮಿತಿ ಮೀರಿತೆಂದು ಪ್ರೊಸೆಸರ್ ವೇಗವನ್ನು ತಗ್ಗಿಸಿಕೊಳ್ಳುವುದೂ ಇದನ್ನೇ ನೋಡಿ. ಮದರ್‌ಬೋರ್ಡಿನ ತಂತ್ರಾಂಶಗಳು ಅನೇಕ ಸಲ ಬೋರ್ಡಿನ ಮೇಲಿರುವ ಬೇರೊಂದು ಚಿಪ್ ಮೂಲಕ, ಸರಾಸರಿ ತೆಗೆದು, ನಿಧಾನವಾಗಿ ಬದಲಾಗುವ ಮೌಲ್ಯವನ್ನು ತೋರಿಸುತ್ತವೆ. ಎರಡನ್ನೂ ಒಟ್ಟಿಗೆ ತೆರೆದಿಡಬೇಡಿ, ಒಂದೇ ಸೆನ್ಸರನ್ನು ಎರಡು ತಂತ್ರಾಂಶಗಳು ಏಕಕಾಲಕ್ಕೆ ಓದಲು ಹೋದಾಗ ತಪ್ಪು ಅಂಕಿಗಳು ಬರುವುದುಂಟು. ಹಳೆಯ ಬರಹಗಳಲ್ಲಿ ರೈಜನ್ ತೋರಿಸುವ ಸಂಖ್ಯೆಯಿಂದ 20 ಕಳೆಯಬೇಕೆಂದು ಓದಿದ್ದರೆ ಅದನ್ನು ಇಲ್ಲಿಗೆ ತರಬೇಡಿ. ಅದು 2017ರ 1700ಎಕ್ಸ್, 1800ಎಕ್ಸ್ ಮಾದರಿಗಳಿಗೆ ಸಂಬಂಧಿಸಿದ ಮಾತು.

ಸುಮ್ಮನಿರುವಾಗ ಕಾಣುವ ಜಿಗಿತ ಈ ಪೀಳಿಗೆಯ ಸಹಜ ಗುಣ, ಕೂಲರ್ ಸರಿಯಾಗಿ ಕೂತಿಲ್ಲವೆಂದು ಅದರಿಂದ ತೀರ್ಮಾನಿಸಬೇಕಿಲ್ಲ. ಕೋರ್‌ಗಳೂ 32 ಎಂಬಿ ಕ್ಯಾಶೆಯೂ ಸುಮಾರು 81 ಚದರ ಮಿಲಿಮೀಟರಿನ, 7 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾದ ಒಂದು ಪುಟ್ಟ ಚಿಪ್ಪಿನಲ್ಲಿವೆ, ಆ ಚಿಪ್ ಲೋಹದ ಮುಚ್ಚಳದ ನಡುಭಾಗದಲ್ಲೂ ಇಲ್ಲ. ಒಗ್ಗರಣೆ ಸೌಟು ದೊಡ್ಡ ಪಾತ್ರೆಗಿಂತ ಬೇಗ ಕಾಯ್ದು ಬೇಗ ಆರುವ ಹಾಗೆ, ಬ್ರೌಸರಿನಲ್ಲಿ ಒಂದು ಪುಟ ತೆರೆದರೂ ಅಷ್ಟು ಸಣ್ಣ ಜಾಗ ಕ್ಷಣದಲ್ಲಿ ಬಿಸಿಯಾಗುತ್ತದೆ. ಬಯೋಸ್‌ನ ಫ್ಯಾನ್ ವಿಭಾಗದಲ್ಲಿ ವೇಗ ಏರುವ ಮುನ್ನ ಕೆಲವು ಸೆಕೆಂಡುಗಳ ತಡೆಯನ್ನು ಇಟ್ಟರೆ ಸದ್ದಿನ ಏರಿಳಿತ ನಿಲ್ಲುತ್ತದೆ.

ಇನ್ನು ಬೇಸಿಗೆ. 84ರಲ್ಲಿ 28 ಕಳೆದರೆ 56. ಗಾಳಿಯಿಂದ ತಣಿಸುವ ಯಾವ ಕೂಲರೇ ಆಗಲಿ, ಪ್ರೊಸೆಸರ್ ಅಷ್ಟೇ ವ್ಯಾಟ್ ಬಳಸುತ್ತಿದ್ದು ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗುತ್ತಿದ್ದರೆ, ಒಳಗೆ ಬರುವ ಗಾಳಿಗಿಂತ ಇಷ್ಟೇ ಡಿಗ್ರಿ ಮೇಲೆ ಅದನ್ನು ನಿಲ್ಲಿಸಬಲ್ಲದು. ಕೋಣೆ 40 ಆದರೆ ಪ್ರೊಸೆಸರ್ 96 ಆಗುತ್ತದೆ, 5600ಎಕ್ಸ್‌ಗೆ ಎಎಂಡಿ ನಿಗದಿಪಡಿಸಿದ ಗರಿಷ್ಠ ಮಿತಿ 95. ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಆದೀತು, ಏಕೆಂದರೆ ಬಿಸಿಯಾದಷ್ಟೂ ಸಿಲಿಕಾನ್‌ನಲ್ಲಿ ವಿದ್ಯುತ್ ಸೋರಿಕೆ ಹೆಚ್ಚುತ್ತದೆ. ಆದ್ದರಿಂದ ಈಗಿನ ಹೊಂದಾಣಿಕೆ ಮೇ ತಿಂಗಳಿಗೆ ಒದಗುವುದಿಲ್ಲ ಎಂದು ಇವತ್ತೇ ಹೇಳಬಹುದು.

ಒಂದು ಸರಳ ಪರೀಕ್ಷೆ ಮಾಡಿ. ಕ್ಯಾಬಿನೆಟ್ಟಿನ ಪಕ್ಕದ ಹಲಗೆಯನ್ನು ತೆಗೆದು ಅದೇ ಸಿನೆಬೆಂಚ್ ಓಡಿಸಿ. ತಾಪಮಾನ ಗಣನೀಯವಾಗಿ ಇಳಿದರೆ ಕೊರತೆ ಇರುವುದು ಕೂಲರಿನಲ್ಲಲ್ಲ, ಗಾಳಿಯ ಓಡಾಟದಲ್ಲಿ. ಕೋಣೆಯ ಉಷ್ಣತೆಯನ್ನು ಗೋಡೆಯ ಮೇಲಿನ ಥರ್ಮಾಮೀಟರಿನಲ್ಲಿ ನೋಡದೆ ಕ್ಯಾಬಿನೆಟ್ಟಿನ ಮುಂದಿನ ಫ್ಯಾನ್ ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಅಳೆಯಿರಿ, ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡಂತೆ ಇಟ್ಟ ಯಂತ್ರ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿರುತ್ತದೆ.

ಉತ್ತರ: ಭದ್ರಾಹೊಳೆ

ಸಂಖ್ಯಾಪ್ರಿಯ ಅವರ ಲೆಕ್ಕ ಸರಿಯಾಗಿದೆ. ಆದರೆ ಆಯುಷ್ಯದ ಪ್ರಶ್ನೆಗೆ ತಾಪಮಾನವೊಂದನ್ನೇ ನೋಡಿದರೆ ಸಾಲದು. ಪ್ರೊಸೆಸರನ್ನು ಸವೆಸುವುದರಲ್ಲಿ ವೋಲ್ಟೇಜ್, ಅದರೊಡನೆ ಹರಿಯುವ ಕರೆಂಟ್ ಮತ್ತು ಬಿಸಿ ಈ ಮೂರೂ ಕೂಡಿ ಕೆಲಸ ಮಾಡುತ್ತವೆ, ಪರದೆಯ ಮೇಲೆ ಎದ್ದು ಕಾಣುವುದು ಮಾತ್ರ ಬಿಸಿ. 2023ರ ಏಪ್ರಿಲ್‌ನಲ್ಲಿ ರೈಜನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು, ಮುಖ್ಯವಾಗಿ ಎಕ್ಸ್3ಡಿ ಮಾದರಿಗಳು, ಸುಟ್ಟುಹೋದಾಗ ಎಎಂಡಿ ತಂದ ಪರಿಹಾರ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕದಂಥ ಭಾಗಗಳಿಗೆ ಹೋಗುವುದನ್ನು) 1.3ಕ್ಕೆ ಮಿತಿಗೊಳಿಸುವುದಾಗಿತ್ತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳು ಅಸ್ಥಿರವಾದದ್ದಕ್ಕೂ ಮಿತಿಮೀರಿದ ವೋಲ್ಟೇಜೇ ಕಾರಣವೆಂದು ಆ ಸಂಸ್ಥೆ 2024ರಲ್ಲಿ ಒಪ್ಪಿಕೊಂಡಿತು, ಆಗಸ್ಟ್‌ನಲ್ಲಿ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ನಿಯಂತ್ರಣ ಸೂಚನೆಗಳು) ಬಿಡುಗಡೆ ಮಾಡಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಒಮ್ಮೆ ಆದ ಹಾನಿಯನ್ನು ಮೈಕ್ರೋಕೋಡ್ ಸರಿಪಡಿಸಲಾರದೆಂಬುದೂ ಆಗಲೇ ಸ್ಪಷ್ಟವಾಯಿತು. ಇವೆರಡೂ ಪ್ರಸಂಗಗಳಲ್ಲಿ ತಾಪಮಾನದ ಸಾಲನ್ನಷ್ಟೇ ನೋಡುತ್ತಿದ್ದವರಿಗೆ ಮುನ್ಸೂಚನೆ ಸಿಗುವಂತಿರಲಿಲ್ಲ.

5600ಎಕ್ಸ್ ತನ್ನ ಪಾಡಿಗೆ ಇದ್ದಾಗಲೇ 1.4ಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತದಲ್ಲ, ಅಂದ ಮೇಲೆ 1.325 ಹೇಗೆ ಹೆಚ್ಚಾಗುತ್ತದೆ ಎಂದು ಕೇಳುವವರಿದ್ದಾರೆ. ಆ ಮಟ್ಟ ಬರುವುದು ಒಂದೆರಡು ಕೋರ್‌ಗಳು ಹಗುರವಾದ ಕೆಲಸದಲ್ಲಿದ್ದು, ಒಟ್ಟು ಕರೆಂಟ್ ಕಡಿಮೆಯಿರುವ ಕ್ಷಣಗಳಲ್ಲಿ. ಆರೂ ಕೋರ್‌ಗಳು ಗಂಟೆಗಟ್ಟಲೆ ದುಡಿಯುವಾಗ ಪ್ರೊಸೆಸರ್ ತಾನೇ ವೋಲ್ಟೇಜನ್ನು ಬಹಳ ಕೆಳಗೆ ಇಳಿಸಿಕೊಳ್ಳುತ್ತದೆ. ಸ್ಥಿರ ಓವರ್‌ಕ್ಲಾಕ್ ಮಾಡಿದಾಗ ಆ ವಿವೇಚನೆಯೇ ಹೊರಟುಹೋಗುತ್ತದೆ. ಕಾರ್ಖಾನೆಯ ಹೊಂದಾಣಿಕೆಯಲ್ಲಿ ಈ ಮಾದರಿಗೆ 76 ವ್ಯಾಟ್, 60 ಆಂಪಿಯರ್ ಸತತ, 90 ಆಂಪಿಯರ್ ಗರಿಷ್ಠ ಎಂಬ ಮಿತಿಗಳಿವೆ, ನಿಮ್ಮ ಈಗಿನ ಕ್ರಮದಲ್ಲಿ ಅವು ಯಾವುವೂ ಜಾರಿಯಲ್ಲಿಲ್ಲ.

ವೇಗಕ್ಕಾಗಿ ತೆರುವ ಬೆಲೆಯನ್ನೂ ನೋಡಿ. ಪ್ರೊಸೆಸರ್ ಬಳಸುವ ವಿದ್ಯುತ್ತಿನ ಬಹುಪಾಲು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಶೇಕಡಾ 5 ಹೆಚ್ಚಿಸಲು ವೋಲ್ಟೇಜನ್ನು ಶೇಕಡಾ 10 ಹೆಚ್ಚಿಸಬೇಕಾಗಿ ಬಂದರೆ ಬಳಕೆ ಸುಮಾರು ಶೇಕಡಾ 27ರಷ್ಟು ಮೇಲೆ ಹೋಗುತ್ತದೆ, ಅಷ್ಟೂ ಬಿಸಿಯಾಗಿ ನಿಮ್ಮ ಕೋಣೆಗೇ ಬರುತ್ತದೆ. ಮಾಮೂಲಿನಂತೆ ಬಿಟ್ಟರೆ ನಿಮ್ಮ ಪ್ರೊಸೆಸರ್ ರೆಂಡರ್ ಹೊತ್ತಿನಲ್ಲಿ 4.45ರ ಸುತ್ತ ಓಡುತ್ತದೆಂದುಕೊಂಡರೆ, 4.65ಕ್ಕೆ ಏರಿಸಿದ್ದರಿಂದ ಒಂದು ಗಂಟೆಯ ಕೆಲಸ ಐವತ್ತೇಳೂವರೆ ನಿಮಿಷಕ್ಕೆ ಇಳಿಯುತ್ತದೆ, ಅಷ್ಟೇ. ಎಎಂಡಿಯ ವಾರಂಟಿ ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ, ಮಿತಿಗಳನ್ನು ಸಡಿಲಿಸಿ ವೇಗದ ನಿರ್ಧಾರವನ್ನು ಪ್ರೊಸೆಸರಿಗೇ ಬಿಡುವ ಪಿಬಿಒ (ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್) ಕೂಡ ಆ ಲೆಕ್ಕಕ್ಕೇ ಸೇರುತ್ತದೆ.

ಮರುಮಾತು: ಶಹಾಬಾದ್‌ಕಲ್ಲು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಪಕ್ಕದ ಹಲಗೆ ತೆಗೆದಾಗ 84 ಇದ್ದದ್ದು 78ಕ್ಕೆ ಇಳಿಯಿತು, ಗಾಜಿನ ಮುಂಭಾಗವೇ ಗಾಳಿಯನ್ನು ತಡೆಯುತ್ತಿದೆಯೆಂದು ಕಾಣುತ್ತದೆ. ಹಲಗೆಯಿಲ್ಲದೆ ಬಿಡೋಣವೆಂದರೆ ನಮ್ಮಲ್ಲಿ ಧೂಳು ವಿಪರೀತ. ಬೇಸಿಗೆಯಲ್ಲಿ ಮಧ್ಯಾಹ್ನ ಏರ್ ಕೂಲರ್ ಹಾಕುತ್ತೇವೆ, ಕರೆಂಟ್ ಹೋದರೆ ಅದೂ ಇಲ್ಲ, ಯಂತ್ರವನ್ನು ಮಾತ್ರ ಯುಪಿಎಸ್ ನಡೆಸುತ್ತದೆ. ಹೀಗಿರುವಾಗ ಸ್ಥಿರ ವೇಗವನ್ನು ಕೈಬಿಟ್ಟು ಪಿಬಿಒಗೆ ಹೋಗಬೇಕೇ, ಅಥವಾ ಸ್ಥಿರ ವೇಗವನ್ನೇ ಸ್ವಲ್ಪ ತಗ್ಗಿಸಿದರೆ ಸಾಕೇ?

ಉತ್ತರ: ಮೆಗಾಹರ್ಟ್ಸ್

ಸ್ಥಿರ ಓವರ್‌ಕ್ಲಾಕ್ ಎಂದೊಡನೆ ಅದನ್ನು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಆಟ ಆಡುವವರಿಗೆ, ದಿನವಿಡೀ ಬ್ರೌಸರ್ ಬಳಸುವವರಿಗೆ ಅದು ನಷ್ಟವೇ ಸರಿ, ಒಂದೇ ಕೋರ್ ಹೆಚ್ಚಿನ ವೇಗಕ್ಕೆ ಜಿಗಿಯುವ ಅವಕಾಶ ಅವರಿಗೆ ತಪ್ಪಿಹೋಗುತ್ತದೆ. ಆದರೆ ಆರೂ ಕೋರ್‌ಗಳನ್ನು ಗಂಟೆಗಟ್ಟಲೆ ಒಂದೇ ಸಮನೆ ದುಡಿಸುವ ರೆಂಡರ್ ಕೆಲಸಕ್ಕೆ ಸ್ಥಿರ ವೇಗ ಹೇಳಿ ಮಾಡಿಸಿದ್ದು, ಕಡಿಮೆ ವೋಲ್ಟೇಜಿನಲ್ಲಿ ಮಾಡಿದರೆ ಮಾತ್ರ. 4.65ರ ಆಸೆ ಬಿಟ್ಟು 4.5 ಗಿಗಾಹರ್ಟ್ಸ್ ಇಟ್ಟು 1.2 ವೋಲ್ಟ್‌ನಿಂದ ಪ್ರಾರಂಭಿಸಿ. ದೋಷವಿಲ್ಲದೆ ನಡೆದರೆ ವೋಲ್ಟೇಜನ್ನು ಒಂದೊಂದೇ ಸಣ್ಣ ಮೆಟ್ಟಿಲು ಇಳಿಸುತ್ತಾ ಹೋಗಿ, ದೋಷ ಬಂದ ಕಡೆಯಿಂದ ಎರಡು ಮೆಟ್ಟಿಲು ಮೇಲೆ ಬಂದು ನಿಲ್ಲಿ. ಒಂದು ಚಿಪ್ಪಿನಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ ಬೇರೆಯವರ ಅಂಕಿಯನ್ನು ನಕಲು ಮಾಡಿ ಪ್ರಯೋಜನವಿಲ್ಲ.

ಲೋಡ್ ಲೈನ್ ಕ್ಯಾಲಿಬ್ರೇಷನ್ ಎಂಬ ಆಯ್ಕೆಯ ಬಗ್ಗೆ ಇಲ್ಲಿ ಯಾರೂ ಹೇಳಿಲ್ಲ. ಕೆಲಸದ ಹೊರೆ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುವುದು ಸಹಜ ಮತ್ತು ಉದ್ದೇಶಪೂರ್ವಕ. ಆ ಕುಸಿತವನ್ನು ಸಂಪೂರ್ಣ ಅಳಿಸುವ ಮಟ್ಟಕ್ಕೆ ಈ ಆಯ್ಕೆಯನ್ನು ಏರಿಸಿದರೆ, ಹೊರೆ ತಟ್ಟನೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ನೀವು ಕೊಟ್ಟದ್ದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ, ಅಷ್ಟು ಚಿಕ್ಕ ಕ್ಷಣವನ್ನು ಯಾವ ತಂತ್ರಾಂಶವೂ ಹಿಡಿದು ತೋರಿಸಲಾರದು. ಮಧ್ಯಮ ಮಟ್ಟದಲ್ಲೇ ಇರಿಸಿ. ಬಯೋಸ್‌ನಲ್ಲಿ ಬರೆದ ಸಂಖ್ಯೆಗಿಂತ ಎಚ್‌ಡಬ್ಲ್ಯೂಇನ್ಫೋದ 'ಎಸ್‌ವಿಐ2 ಟಿಎಫ್‌ಎನ್' ಸಾಲಿನಲ್ಲಿ ಹೊರೆಯ ಹೊತ್ತಿಗೆ ಕಾಣುವ ಸಂಖ್ಯೆಯೇ ನಿಜಕ್ಕೆ ಹತ್ತಿರ.

ಗಾಜಿನ ಕ್ಯಾಬಿನೆಟ್ಟಿನ ಬದಲು ಮುಂಭಾಗ ಜಾಲರಿಯಾಗಿರುವ, ತೊಳೆಯಬಲ್ಲ ಧೂಳುತಡೆಯಿರುವ ಕ್ಯಾಬಿನೆಟ್ ತರುವುದು ನಿಮ್ಮ ಊರಿಗೆ ಬಹಳ ಉಪಯುಕ್ತ. ಹೊಸ ಕೂಲರಿಗೆ ಹಣ ಹಾಕುವ ಮುನ್ನ ಈ ಕೆಲಸ ಆಗಲಿ.

ಉತ್ತರ: ಭದ್ರಾಹೊಳೆ

ಮೆಗಾಹರ್ಟ್ಸ್ ಅವರ ದಾರಿ ರೆಂಡರಿಗೆ ಸರಿಹೊಂದುತ್ತದೆಂಬುದನ್ನು ಒಪ್ಪುತ್ತೇನೆ. ಆದರೂ ಕೋಣೆಯ ಉಷ್ಣತೆ ಜನವರಿಗೂ ಮೇಗೂ ಇಷ್ಟು ವ್ಯತ್ಯಾಸವಾಗುವ, ಕರೆಂಟ್ ಹೋಗಿ ಗಾಳಿಯೇ ನಿಂತುಹೋಗುವ ಕಡೆ ತಾನೇ ಹಿಂದೆ ಸರಿಯಬಲ್ಲ ವ್ಯವಸ್ಥೆ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಿಬಿಒ ಆನ್ ಮಾಡಿ ಪಿಪಿಟಿಯನ್ನು, ಅಂದರೆ ಪ್ರೊಸೆಸರ್ ಬಳಸಬಹುದಾದ ಒಟ್ಟು ವ್ಯಾಟ್ ಮಿತಿಯನ್ನು, 85 ವ್ಯಾಟ್ ಸುತ್ತ ಇಡಿ, ಅದೇ ಪುಟದಲ್ಲಿರುವ ತಾಪಮಾನದ ಮಿತಿಯನ್ನು 85 ಡಿಗ್ರಿಗೆ ಇಳಿಸಿ. ಕೋಣೆ ಎಷ್ಟೇ ಕಾಯ್ದರೂ ಪ್ರೊಸೆಸರ್ 85ರ ಆಸುಪಾಸಿನಲ್ಲೇ ನಿಂತು, ಬೇಕಾದಷ್ಟು ವೇಗವನ್ನು ಮಾತ್ರ ಬಿಟ್ಟುಕೊಡುತ್ತದೆ.

ಆ ಮೇಲೆ ಕರ್ವ್ ಆಪ್ಟಿಮೈಸರ್, ಅಂದರೆ ಆಯಾ ವೇಗಕ್ಕೆ ಪ್ರೊಸೆಸರ್ ಬಳಸುವ ವೋಲ್ಟೇಜನ್ನು ತಗ್ಗಿಸುವ ಆಯ್ಕೆ. ಇದರಲ್ಲಿ ಪ್ರತಿ ಕೋರಿಗೂ ಋಣ 30ರವರೆಗೆ ಇಳಿಸಲು ಅವಕಾಶವಿದೆ, ಒಂದೊಂದು ಅಂಕಿಯೂ ಸರಿಸುಮಾರು 3ರಿಂದ 5 ಮಿಲಿವೋಲ್ಟ್‌ಗೆ ಸಮ. ಎಲ್ಲಕ್ಕೂ ಒಮ್ಮೆಲೇ 30 ಇಳಿಸುವುದು ಈಗ ಎಲ್ಲೆಡೆ ಕಾಣುವ ಸಲಹೆ, ದಯವಿಟ್ಟು ಅದನ್ನು ಅನುಸರಿಸಬೇಡಿ. ಋಣ 15ರಿಂದ ಪ್ರಾರಂಭಿಸಿ, ಅತ್ಯುತ್ತಮವೆಂದು ಗುರುತಿಸಲಾದ ಎರಡು ಕೋರ್‌ಗಳಿಗೆ ಇನ್ನೂ ಕಡಿಮೆ ಇಳಿಸಿ, ಅವುಗಳ ವೋಲ್ಟೇಜ್ ಮೊದಲೇ ಬಿಗಿಯಾಗಿರುತ್ತದೆ. ಈ ವಿಧಾನದ ಅಸ್ಥಿರತೆ ಭಾರವಾದ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದೆ, ಯಂತ್ರ ಬಹುಪಾಲು ಸುಮ್ಮನಿದ್ದು ಒಂದೇ ಕೋರ್ ಗರಿಷ್ಠ ವೇಗಕ್ಕೆ ಹೋದಾಗ ಹೊರಬೀಳುವುದೇ ಹೆಚ್ಚು. ಆದ್ದರಿಂದ ಸಿನೆಬೆಂಚ್ ಪಾಸಾಯಿತೆಂದು ನಿಲ್ಲಿಸದೆ, ಒಂದೊಂದೇ ಕೋರಿನ ಮೇಲೆ ಸರದಿಯಲ್ಲಿ ಪ್ರೈಮ್95 ಎಂಬ ಪರೀಕ್ಷೆಯನ್ನು ಓಡಿಸುವ ಕೋರ್‌ಸೈಕ್ಲರ್ ತಂತ್ರಾಂಶವನ್ನು ರಾತ್ರಿ ಬಿಟ್ಟು ಮಲಗಿ. ಬೆಳಿಗ್ಗೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 'ವೀಯಾ ಲಾಗರ್' (WHEA-Logger) ಹೆಸರಿನ ದೋಷಗಳಿವೆಯೇ ನೋಡಿ, ಯಂತ್ರ ರೀಸ್ಟಾರ್ಟ್ ಆಗದಿದ್ದರೂ ಅವು ದಾಖಲಾಗಿರಬಹುದು.

ಎಚ್‌ಡಬ್ಲ್ಯೂಇನ್ಫೋದ ಇನ್ನೊಂದು ಸಾಲನ್ನು ತಪ್ಪದೆ ಗಮನಿಸಿ: 'ಎಫೆಕ್ಟಿವ್ ಕ್ಲಾಕ್', ಅಂದರೆ ನಿಜವಾಗಿ ಸಿಗುತ್ತಿರುವ ವೇಗ. ವೋಲ್ಟೇಜ್ ತೀರಾ ಕಡಿಮೆಯಾದಾಗ ಪ್ರೊಸೆಸರ್ ಕುಸಿದುಬೀಳದೆ ಒಳಗೊಳಗೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಮಾಮೂಲಿ ವೇಗದ ಸಾಲು 4.55 ಎನ್ನುತ್ತಿದ್ದರೂ ನಿಜವಾದ ಕೆಲಸ 4.3ರಷ್ಟೇ ಆಗುತ್ತಿರಬಹುದು. ಪೂರ್ತಿ ಹೊರೆಯಲ್ಲಿ ಎರಡು ಸಂಖ್ಯೆಗಳೂ ಹೆಚ್ಚುಕಡಿಮೆ ಒಂದೇ ಇರಬೇಕು, ಸಿನೆಬೆಂಚ್ ಅಂಕವೂ ಇಳಿದಿರಬಾರದು.

ನೀವೇ ಮಾಡಿದ ಒಂದು ದೊಡ್ಡ ದೃಶ್ಯವನ್ನು ಪರೀಕ್ಷೆಗೆಂದು ಎತ್ತಿಟ್ಟುಕೊಂಡು ಪ್ರತಿ ಬದಲಾವಣೆಯ ನಂತರ ಅದನ್ನೇ ರೆಂಡರ್ ಮಾಡಿ ಹಿಡಿದ ಸಮಯ ಬರೆದಿಡಿ. ಎಚ್‌ಡಬ್ಲ್ಯೂಇನ್ಫೋದ ಲಾಗ್ ಗುಂಡಿ ಒತ್ತಿದರೆ ತಾಪಮಾನ, ವ್ಯಾಟ್, ವೋಲ್ಟೇಜ್, ಎಫೆಕ್ಟಿವ್ ಕ್ಲಾಕ್ ಎಲ್ಲವೂ ಎಕ್ಸೆಲ್‌ನಲ್ಲಿ ತೆರೆಯಬಹುದಾದ ಕಡತವಾಗಿ ಉಳಿಯುತ್ತವೆ. ಏಪ್ರಿಲ್ ಮೊದಲ ವಾರ ಮಧ್ಯಾಹ್ನದ ಹೊತ್ತಿನಲ್ಲಿ ಅದೇ ದೃಶ್ಯವನ್ನು ಓಡಿಸಿದ ಕಡತವನ್ನು, ಗಾಳಿ ಒಳಹೋಗುವ ಕಡೆಯ ತಾಪಮಾನದೊಂದಿಗೆ ಇಲ್ಲಿ ಹಾಕಿ. ಮಿತಿಗೆ ತಾಗಿ ವೇಗ ಕಳೆದುಕೊಳ್ಳುತ್ತಿದ್ದರೆ ಪಿಪಿಟಿಯನ್ನು 76ಕ್ಕೆ ಇಳಿಸಬೇಕೇ, ಫ್ಯಾನಿನ ವೇಗ ಏರಿಸಿದರೆ ಸಾಕೇ ಎಂಬುದನ್ನು ಆ ಅಂಕಿಗಳನ್ನು ನೋಡಿ ನಿರ್ಧರಿಸೋಣ.