ದೊಡ್ಡಪ್ಪನ ಫಾರ್ವರ್ಡು, ನನ್ನ ಆರ್‌ಎನ್‌ಎ

ನನಗೆ ಪಿಎಚ್‌ಡಿ ಸೀಟು ಸಿಕ್ಕಿ ಹತ್ತು ದಿನವಾಗಿತ್ತು. ಕೆಲಸ ಏನೆಂದರೆ, ಜೀವಕೋಶದಲ್ಲಿರುವ, ಡಿಎನ್‌ಎಯ ಹತ್ತಿರದ ನೆಂಟನಾದ ಆರ್‌ಎನ್‌ಎ ಅಣುಗಳು ಹೇಗೆ ಮಡಚಿಕೊಂಡು ಯಾವ ಆಕಾರಕ್ಕೆ ಬರುತ್ತವೆ ಎಂದು ನೋಡುವುದು. ಭಾನುವಾರ ಬೆಳಿಗ್ಗೆ ನಮ್ಮ 'ಮನೆಮಂದಿ' ಗುಂಪಿನಲ್ಲಿ ಈ ಜಗಳ ಶುರುವಾಯಿತು. ನನ್ನ ಫೋನಿನಲ್ಲಿ ಹೆಸರುಗಳು ಹೇಗಿವೆಯೋ ಹಾಗೇ ಹಾಕಿದ್ದೇನೆ. ನಡುವೆ ಬಂದ ಶುಭೋದಯದ ಗುಲಾಬಿಗಳನ್ನು ಮಾತ್ರ ತೆಗೆದಿದ್ದೇನೆ.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ವಿಜ್ಞಾನಿಗಳ ಕೆಲಸ ಮುಗಿಯಿತು!! ಪ್ರೋಟೀನ್, ಡಿಎನ್‌ಎ, ಆರ್‌ಎನ್‌ಎ ಎಲ್ಲದರ ಆಕಾರವನ್ನೂ ಎಐ ಐದೇ ನಿಮಿಷದಲ್ಲಿ ಹೇಳುತ್ತದೆ. ನೊಬೆಲ್ ಕೂಡ ಬಂತು. ಇನ್ನು ಲ್ಯಾಬುಗಳಿಗೆ ಬೀಗ!! ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಪುಟ್ಟಿ, ನೀನು ಸೇರುವುದು ಇದೇ ಕೆಲಸಕ್ಕೆ ಅಲ್ವಾ? ಐದು ವರ್ಷ ಹಾಳು ಮಾಡಿಕೊಳ್ಳುವ ಮೊದಲು ಒಮ್ಮೆ ಓದು.

ಅಮ್ಮ: ನಾನೂ ಓದಿದೆ ಭಾವ. ನನಗೂ ಅದೇ ಯೋಚನೆ.

ನ್ಯೂಜೆರ್ಸಿ ಅಣ್ಣ: ಫಾರ್ವರ್ಡು ಸ್ವಲ್ಪ ಜಾಸ್ತಿಯೇ ಉಬ್ಬಿಸಿದೆ. ಆದರೆ ಪೂರ್ತಿ ಸುಳ್ಳಲ್ಲ. 2024ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಬಂದದ್ದು. ಅದೇ ವರ್ಷ ಬಂದ ಆಲ್ಫಾಫೋಲ್ಡ್ 3 ಎಂಬ ಎಐ ಆರ್‌ಎನ್‌ಎಯನ್ನೂ ಮಾಡುತ್ತದೆ. ಪುಟ್ಟಿ, ಬೇಜಾರಾಗಬೇಡ, ಕೋಡಿಂಗ್ ಕಲಿ.

ನಾನು: ಅಣ್ಣ, ನೊಬೆಲ್ ಬಂದದ್ದು ಪ್ರೋಟೀನಿಗೆ. ಆರ್‌ಎನ್‌ಎಗೆ ಅಲ್ಲ. ಅದೇ ಗೇಟಿನಲ್ಲಿ ಇದನ್ನೂ ಸುಮ್ನೆ ಒಳಗೆ ತಳ್ಳಬೇಡ.

ಅತ್ತೆ: ಆರ್‌ಎನ್‌ಎ ಎಂದರೆ ಕೊರೊನಾ ವೈರಸ್ಸಿನಲ್ಲಿ ಇದ್ದದ್ದಲ್ಲವೇ? ಅದಕ್ಕೆ ಆಕಾರ ಬೇರೆ ಇದೆಯಾ?

ನಾನು: ಇದೆ ಅತ್ತೆ. ನೀವು ಹೂ ಕಟ್ಟುತ್ತೀರಲ್ಲ, ಹಾಗೊಂದು ಮಾಲೆ ಎಂದುಕೊಳ್ಳಿ. ನಾಲ್ಕೇ ಬಗೆಯ ಹೂ: ಎ, ಯು, ಜಿ, ಸಿ. ಎ ಸಿಕ್ಕರೆ ಯು ಅಂಟುತ್ತದೆ, ಜಿ ಸಿಕ್ಕರೆ ಸಿ. ಡಿಎನ್‌ಎಯಲ್ಲಿ ಎರಡು ಮಾಲೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ. ಹಾಗಾಗಿ ತನ್ನ ಮೈಮೇಲೆ ತಾನೇ ಬಾಗಿ ಜೋಡಿ ಹುಡುಕುತ್ತದೆ. ಅಲ್ಲೊಂದು ಕುಣಿಕೆ, ಇಲ್ಲೊಂದು ಗಂಟು. ಆಮೇಲೆ ಆ ಕುಣಿಕೆಗಳೂ ಒಂದಕ್ಕೊಂದು ತೆಕ್ಕೆ ಹಾಕಿಕೊಳ್ಳುತ್ತವೆ.

ನ್ಯೂಜೆರ್ಸಿ ಅಣ್ಣ: ಪ್ರೋಟೀನಿಗೆ ಇಪ್ಪತ್ತು ಅಕ್ಷರ, ಇದಕ್ಕೆ ನಾಲ್ಕು. ಇದೇ ಸುಲಭವಾಗಬೇಕಲ್ಲ?

ನಾನು: ಉಲ್ಟಾ. ಪ್ರೋಟೀನಿನಲ್ಲಿ ಎಣ್ಣೆ ಸ್ವಭಾವದವು ಒಳಗೆ ಸೇರುತ್ತವೆ, ನೀರು ಇಷ್ಟಪಡುವವು ಹೊರಗೆ ಉಳಿಯುತ್ತವೆ. ಅದೇ ದೊಡ್ಡ ಸುಳಿವು. ಇಲ್ಲಿ ನಾಲ್ಕೂ ಹೆಚ್ಚು ಕಡಿಮೆ ಒಂದೇ ಜಾತಿ. ಒಂದು ಜಿಗೆ ಹತ್ತು ಸಿ ಕಾಯುತ್ತಿರುತ್ತವೆ, ಕೆಲವೊಮ್ಮೆ ಅದು ಯು ಜೊತೆಗೂ ಹೋಗುತ್ತದೆ. ಜೊತೆಗೆ ಬೆನ್ನಿನುದ್ದಕ್ಕೂ ಫಾಸ್ಫೇಟು, ಎಲ್ಲದರ ಮೇಲೂ ಋಣ ವಿದ್ಯುದಂಶ. ಹತ್ತಿರ ತಂದರೆ ಒಂದನ್ನೊಂದು ದೂಡುತ್ತವೆ. ನಡುವೆ ಮೆಗ್ನೀಸಿಯಂ ಬಂದು ಕೂತರೆ ಸರ ಒತ್ತಾಗಿ ಮಡಚಿಕೊಳ್ಳುತ್ತದೆ.

ಅತ್ತೆ: ಅಂದರೆ ಉಪ್ಪು ಸರಿಯಾಗಿ ಬೀಳದಿದ್ದರೆ ಹದ ಬರುವುದಿಲ್ಲ.

ನಾನು: ಅತ್ತೆ, ಇಂಟರ್‌ವ್ಯೂನಲ್ಲಿ ನಾನೂ ಇಷ್ಟು ಚೆನ್ನಾಗಿ ಹೇಳಲಿಲ್ಲ.

ಅಣ್ಣ ಸ್ವಲ್ಪ ಹೊತ್ತು ಕಾಣಲಿಲ್ಲ. ಅಲ್ಲಿ ರಾತ್ರಿ, ಮಲಗಿರಬೇಕು ಎಂದುಕೊಂಡೆ. ಮಲಗಿರಲಿಲ್ಲ.

ನ್ಯೂಜೆರ್ಸಿ ಅಣ್ಣ: (ಚಿತ್ರ) ನೋಡು. ಯೀಸ್ಟಿನ ಒಂದು ಟಿಆರ್‌ಎನ್‌ಎ, ಪ್ರೋಟೀನ್ ಕಟ್ಟಲು ಬೇಕಾದ ತುಣುಕು ಹೊತ್ತು ತರುವ ಆರ್‌ಎನ್‌ಎ. 76 ಅಕ್ಷರ ಹಾಕಿದೆ. ಇಂಗ್ಲಿಷಿನ ಎಲ್ ತರಹದ ಆಕಾರ ಬಂತು. ಪುಸ್ತಕದಲ್ಲಿ ಇರುವುದೂ ಅದೇ. ಈಗೇನು ಹೇಳುತ್ತೀ?

ದೊಡ್ಡಪ್ಪ: 👏👏👏

ನಾನು: ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ಹುಡುಗ ನೂರಕ್ಕೆ ನೂರು ತೆಗೆದಂತೆ ಇದು. ಆ ಆಕಾರ ದಶಕಗಳಿಂದ, ಲ್ಯಾಬುಗಳು ಕಂಡುಕೊಂಡ ರಚನೆಗಳನ್ನೆಲ್ಲ ಕೂಡಿಡುವ ಡೇಟಾ ಬ್ಯಾಂಕಿನಲ್ಲಿದೆ, ನಿನ್ನ ಎಐ ಅದನ್ನು ಓದಿಯೇ ಕಲಿತದ್ದು. ಅದು ಅಲ್ಲಿಗೆ ಹೇಗೆ ಬಂತು ಗೊತ್ತಾ? 1965ರಲ್ಲಿ ರಾಬರ್ಟ್ ಹಾಲಿ ಅವರ ಗುಂಪು ಮೊದಲ ಬಾರಿಗೆ ಒಂದು ಟಿಆರ್‌ಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದಿತು. ಕಾಗದದ ಮೇಲೆ ಬಿಡಿಸಿದರೆ ಮೂರೆಸಳಿನ ಎಲೆಯ ಹಾಗೆ ಕಂಡಿತು. ನಿಜವಾದ ಆಕಾರ ಗೊತ್ತಾಗಲು ಇನ್ನೂ 9 ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟೋ ಜನ ಊಹೆಯ ಮಾದರಿ ಕಟ್ಟಿದರು. 1969ರಲ್ಲಿ ಮೈಕೇಲ್ ಲೆವಿಟ್ ಕೊಟ್ಟ ಮಾದರಿಯಲ್ಲಿ 15ನೇ ಅಕ್ಷರಕ್ಕೂ 48ನೇ ಅಕ್ಷರಕ್ಕೂ ಜೋಡಿ ಹಾಕಿದ್ದು ಸರಿಯಿತ್ತು. ಇವತ್ತಿಗೂ ಅದನ್ನು ಲೆವಿಟ್ ಜೋಡಿ ಎನ್ನುತ್ತಾರೆ. ಒಟ್ಟು ಆಕಾರ ಮಾತ್ರ ತಪ್ಪಾಗಿತ್ತು. 1974ರಲ್ಲಿ ಅಮೆರಿಕದಲ್ಲಿ ಸುಂಗ್-ಹೌ ಕಿಮ್, ಅಲೆಕ್ಸಾಂಡರ್ ರಿಚ್, ಕೇಂಬ್ರಿಜ್‌ನಲ್ಲಿ ಆರನ್ ಕ್ಲುಗ್ ಗುಂಪು ಹರಳಿಗೆ ಎಕ್ಸ್‌ರೇ ಹಾಯಿಸಿ ವಿವರವಾಗಿ ತೋರಿಸಿದ ಮೇಲೆಯೇ ವಾದ ನಿಂತದ್ದು.

ಮೈಸೂರು ಮಾವ: ಕ್ಲುಗ್ ಹೆಸರು ಬಂದದ್ದಕ್ಕೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಐಐಎಸ್‌ಸಿಯ ಎಂ.ಎ. ವಿಶ್ವಾಮಿತ್ರ ಅವರು 1978ರಲ್ಲಿ ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಜೊತೆ ಡಿಎನ್‌ಎಯ ನಾಲ್ಕೇ ಅಕ್ಷರದ ಒಂದು ತುಂಡಿನ ಹರಳಿನ ರಚನೆ ಕಂಡುಹಿಡಿದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಮರುವರ್ಷ ಕ್ಲುಗ್ ಜೊತೆಗಿನ ಲೇಖನದಲ್ಲೂ ಅವರ ಹೆಸರಿದೆ. ಏಣಿಯ ಆಕಾರ ಎಲ್ಲ ಕಡೆಯೂ ಒಂದೇ ಅಲ್ಲ, ಅಕ್ಷರಗಳ ಮೇಲೆ ಬದಲಾಗಬಹುದು ಎಂಬುದು ಅದರ ವಾದ. ಡಿಎನ್‌ಎ ಆಕಾರ 1953ರಲ್ಲೇ ಗೊತ್ತಾಯಿತು ಎಂದು ಲೋಕವೆಲ್ಲ ಸುಮ್ಮನಿತ್ತು ಭಾವ. ಹತ್ತಿರ ಹೋಗಿ ಅಳೆದಾಗ ಬೇರೆಯೇ ಕಂಡಿತು.

ದೊಡ್ಡಪ್ಪ: ಮೇಷ್ಟ್ರೇ, ಅದು ಡಿಎನ್‌ಎ. ಚರ್ಚೆ ಆರ್‌ಎನ್‌ಎ ಮೇಲೆ. ವಿಷಯಾಂತರ ಬೇಡ.

ಬ್ಯಾಂಕಿನಲ್ಲಿ 35 ವರ್ಷ ಫೈಲು ವಾಪಸ್ ಕಳಿಸಿದ ಕೈ ಅದು.

ನ್ಯೂಜೆರ್ಸಿ ಅಣ್ಣ: ಸರಿ, ಹಳೆಯದನ್ನು ಬಿಡು. ಹೊಸ ಆರ್‌ಎನ್‌ಎ ಕೊಟ್ಟರೆ ಸೋಲುತ್ತದೆ ಎನ್ನಲು ಏನು ಪುರಾವೆ?

ನಾನು: ಕ್ಯಾಸ್ಪ್ ಎಂದು ಎರಡು ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಯುತ್ತದೆ. ಲ್ಯಾಬಿನವರು ಕಂಡುಕೊಂಡು ಇನ್ನೂ ಹೊರಗೆ ಬಿಡದ ಅಣುಗಳ ಅಕ್ಷರ ಮಾತ್ರ ಕೊಡುತ್ತಾರೆ. ಆಕಾರ ನೀವು ಹೇಳಬೇಕು. ಪ್ರೋಟೀನಿನಲ್ಲಿ 2020ರಲ್ಲಿ ಆಲ್ಫಾಫೋಲ್ಡ್ 2 ಎಲ್ಲರ ಬಾಯಿ ಮುಚ್ಚಿಸಿತು, ಒಪ್ಪುತ್ತೇನೆ. ಆರ್‌ಎನ್‌ಎಯನ್ನು 2022ರಲ್ಲಿ ಮೊದಲ ಸಲ ಸೇರಿಸಿದರು. ಅಲ್ಲಿ ಮೇಲೆ ಬಂದದ್ದು ಅನುಭವಿ ಮನುಷ್ಯರು ಕೂತು ತಿದ್ದಿ ತೀಡಿದ ಮಾದರಿಗಳು. ಡೀಪ್ ಲರ್ನಿಂಗ್, ಅಂದರೆ ನಿನ್ನ ಎಐ ದಾರಿ, ಹಿಂದೆ ಬಿತ್ತು. 2024ರಲ್ಲೂ, ಹೋಲುವ ರಚನೆ ಮೊದಲೇ ಇಲ್ಲದ ಕಡೆ ಊಹೆ ಸರಿಯಾಗಿ ಕೂರಲಿಲ್ಲ.

ನ್ಯೂಜೆರ್ಸಿ ಅಣ್ಣ: ಡೇಟಾ ಸಾಲದು. ಅಷ್ಟೇ.

ನಾನು: ನಾನೂ ಅದನ್ನೇ ಬೆಳಗಿನಿಂದ ಹೇಳುತ್ತಿರುವುದು! ಡೇಟಾ ಬ್ಯಾಂಕಿನಲ್ಲಿ 2 ಲಕ್ಷಕ್ಕೂ ಜಾಸ್ತಿ ರಚನೆಗಳಿವೆ. ಅದರಲ್ಲಿ ಬರೀ ಆರ್‌ಎನ್‌ಎ ಇರುವವು ನೂರಕ್ಕೆ ಒಂದರ ಆಸುಪಾಸು. ಉಳಿದದ್ದನ್ನು ಯಾರು ತುಂಬುತ್ತಾರೆ?

ನ್ಯೂಜೆರ್ಸಿ ಅಣ್ಣ: ಸರಿ. ಆದರೆ 2016ರಲ್ಲಿ ಪ್ರೋಟೀನಿನವರಿಗೂ ಕಂಪ್ಯೂಟರ್ ಇಷ್ಟು ಬೇಗ ಮೇಲೆ ಬೀಳುತ್ತದೆ ಎಂದು ಅನಿಸಿರಲಿಲ್ಲ. ನೀನು ಪಿಎಚ್‌ಡಿ ಮುಗಿಸುವುದು ಇನ್ನು ಐದು ವರ್ಷಕ್ಕೆ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಟೈಪ್ ಮಾಡಿ ಮೂರು ಸಲ ಅಳಿಸಿದೆ. ಅಷ್ಟರಲ್ಲಿ ಅಮ್ಮ ಕಾಪಾಡಿದಳು.

ಅಮ್ಮ: ಅದಿರಲಿ, ದಿನಾ ಅಲ್ಲಿ ಹೋಗಿ ಏನು ಮಾಡುತ್ತೀ?

ನಾನು: ಮೊದಲು ಮಡಿ. ತಮಾಷೆಯಲ್ಲ ಅಮ್ಮ. ಆರ್‌ಎನ್‌ಎಯನ್ನು ಕತ್ತರಿಸುವ ಎಂಜೈಮು ನಮ್ಮ ಕೈಯ ಚರ್ಮದಲ್ಲೇ ಇರುತ್ತದೆ. ಕುದಿಸಿದರೂ ಸುಲಭಕ್ಕೆ ಹಾಳಾಗುವುದಿಲ್ಲ. ಅದಕ್ಕೆ ಬೇರೆ ನೀರು, ಬೇರೆ ಪಿಪೆಟ್ಟು, ಬೇರೆ ಮೇಜು. ಗ್ಲೌಸ್ ಇಲ್ಲದೆ ಯಾರೂ ಮುಟ್ಟುವಂತಿಲ್ಲ. ಅಜ್ಜಿಯ ಅಡುಗೆಮನೆಯೇ.

ನಾನು: ಆಮೇಲೆ ಹರಳು ಬೆಳೆಸಬೇಕು. ಆರ್‌ಎನ್‌ಎ ಒಂದೇ ಭಂಗಿಯಲ್ಲಿ ಕೂರುವುದಿಲ್ಲ, ಶಾಲೆಯ ಗುಂಪು ಫೋಟೋದಲ್ಲಿ ಅಲುಗಾಡುವ ಮಗುವಿನ ಹಾಗೆ. ಹರಳು ಬಾರದಿದ್ದರೆ ಕ್ರಯೋ-ಇಎಂ, ಅಂದರೆ ಥಟ್ಟನೆ ತಣ್ಣಗಾಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಒಂದು ಹನಿಯನ್ನು ತೆಳ್ಳಗೆ ಹರಡಿ ದ್ರವ ಈಥೇನಿನಲ್ಲಿ ಅದ್ದಿದರೆ ನೀರು ಹರಳುಗಟ್ಟದೆ ಗಾಜಿನ ಹಾಗೆ ನಿಲ್ಲುತ್ತದೆ. ಅಣುಗಳು ಇದ್ದಲ್ಲೇ ಸಿಕ್ಕಿಬೀಳುತ್ತವೆ. ಲಕ್ಷಗಟ್ಟಲೆ ಮಸುಕು ಚಿತ್ರಗಳನ್ನು ಸೇರಿಸಿ ಒಂದು ಸ್ಪಷ್ಟ ಆಕಾರ ಮಾಡುವುದು ಕಂಪ್ಯೂಟರಿನ ಕೆಲಸ. ಟೆಟ್ರಹೈಮಿನಾ ಎಂಬ ಜೀವಿಯಲ್ಲಿ ತನ್ನನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುವ ಒಂದು ಆರ್‌ಎನ್‌ಎ ಇದೆ. ಅದರ 160 ಅಕ್ಷರದ ತುಂಡನ್ನು ಹರಳಿನಲ್ಲಿ ನೋಡಿದ್ದು 1996ರಲ್ಲಿ. 387 ಅಕ್ಷರದ ಪೂರ್ತಿ ಅಣು ಕ್ರಯೋ-ಇಎಂನಲ್ಲಿ ವಿವರವಾಗಿ ಕಂಡದ್ದು 2021ರಲ್ಲಿ.

ದೊಡ್ಡಪ್ಪ: 25 ವರ್ಷ! ಅಷ್ಟೆಲ್ಲ ಮಾಡಿ ಜನಸಾಮಾನ್ಯರಿಗೆ ಏನು ಬಂತು?

ನಾನು: ದೊಡ್ಡಪ್ಪ, ಹೋದ ತಿಂಗಳು ಗಂಟಲು ಕೆಟ್ಟಾಗ ಡಾಕ್ಟರು ನಿಮಗೆ ಯಾವ ಮಾತ್ರೆ ಕೊಟ್ಟಿದ್ದರು?

ದೊಡ್ಡಪ್ಪ: ಅಜಿತ್ರೋಮೈಸಿನ್. ಮೂರು ದಿನ. ಯಾಕೆ?

ನಾನು: ಅದು ಹೋಗಿ ಕೂರುವುದು ಬ್ಯಾಕ್ಟೀರಿಯಾದ ರೈಬೋಸೋಮಿನ, ಅಂದರೆ ಪ್ರೋಟೀನ್ ತಯಾರಿಸುವ ಯಂತ್ರದ ಒಳಗೆ, ಅಲ್ಲಿನ ಆರ್‌ಎನ್‌ಎಗೆ ಅಂಟಿಕೊಂಡು. ಪ್ರೋಟೀನ್ ಹೊರಗೆ ಬರುವ ಸುರಂಗಕ್ಕೆ ಅಡ್ಡ ನಿಲ್ಲುತ್ತದೆ. ಈ ಔಷಧಿಗಳು ಎಲ್ಲಿ ಕೂರುತ್ತವೆ ಎಂದು ಕಣ್ಣಿಗೆ ಕಂಡದ್ದು 2000ದ ಸುಮಾರಿಗೆ ರೈಬೋಸೋಮಿನ ರಚನೆ ಸಿಕ್ಕ ಮೇಲೆ. ಅದಕ್ಕೇ 2009ರಲ್ಲಿ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಅಡಾ ಯೋನತ್ ಅವರಿಗೆ ನೊಬೆಲ್ ಬಂದದ್ದು.

ಅತ್ತೆ: ಆರ್‌ಎನ್‌ಎ ಬೇಡ ಎಂದವರ ಗಂಟಲನ್ನು ಆರ್‌ಎನ್‌ಎಯೇ ಸರಿ ಮಾಡಿದೆ 😂

ದೊಡ್ಡಪ್ಪ: ಬೇಡ ಎಂದು ನಾನೆಲ್ಲಿ ಹೇಳಿದೆ? ಓದು ಎಂದೆ. ತಿಂಗಳಿಗೆ ಎಷ್ಟು ಕೊಡುತ್ತಾರೆ?

ನಾನು: 37 ಸಾವಿರ. ಮನೆ ಬಾಡಿಗೆ ಭತ್ಯೆ ಬೇರೆ.

ದೊಡ್ಡಪ್ಪ: ಪರವಾಗಿಲ್ಲ.

ನ್ಯೂಜೆರ್ಸಿ ಅಣ್ಣ: ಪಂದ್ಯ ಕಟ್ಟೋಣ. ನಿನ್ನ ಮೊದಲ ರಚನೆ ಸಿಕ್ಕಾಗ ಅದನ್ನು ಹೊರಗೆ ಬಿಡುವ ಮೊದಲು ನನಗೆ ಅಕ್ಷರ ಮಾತ್ರ ಕೊಡು. ಆಗಿನ ಎಐಗೆ ಹಾಕುತ್ತೇನೆ. ಎರಡೂ ಹೊಂದಿದರೆ ಮಸಾಲೆದೋಸೆ ನೀನು ಕೊಡಿಸು, ಹೊಂದದಿದ್ದರೆ ನಾನು ಕೊಡಿಸುತ್ತೇನೆ.

ನಾನು: ಗೈಡು ಒಪ್ಪಿದರೆ. ಆದರೆ ಹೊಂದದಿದ್ದಾಗ ಯಾರದ್ದು ತಪ್ಪು ಎಂದು ಹೇಳುವವರು ಯಾರು?

ನ್ಯೂಜೆರ್ಸಿ ಅಣ್ಣ: ಮೈಸೂರು ಮಾವ.

ಮೈಸೂರು ಮಾವ: ದೋಸೆಯಲ್ಲಿ ನನಗೂ ಪಾಲಿದ್ದರೆ ಸರಿ.

ಆಮೇಲೆ ಅತ್ತೆಯ ಫೋನಿನಿಂದ ಒಂದು ಧ್ವನಿ ಸಂದೇಶ ಬಂತು. ಅತ್ತೆ ಇಡೀ ಜಗಳವನ್ನು ಅಜ್ಜಿಗೆ ಓದಿ ಹೇಳಿದ್ದರು. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

ಅಜ್ಜಿ: ಸಣ್ಣವಳಿದ್ದಾಗ ಅದು ಮುಟ್ಟಬೇಡ, ಇದು ಮುಟ್ಟಬೇಡ ಎಂದರೆ ಮೊದಲು ಅದನ್ನೇ ಮುಟ್ಟಿ ಓಡುತ್ತಿದ್ದಳು ಇವಳು. ಆ ಲ್ಯಾಬಿನವರಿಗೆ ಯಾರಾದರೂ ಒಂದು ಮಾತು ಹೇಳಿದ್ದೀರಾ?