ಓದುಗರ ಸ್ಪಂದನ: ‘ಮಗ ಹಿಂದುಳಿದಿದ್ದಾನೆಯೇ? ಯಾವ ಸಿದ್ಧಾಂತವನ್ನು ನಂಬಲಿ?’

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿರುವ ತಾಯಿಯ ಪತ್ರ ಓದಿ ಸಂಕಟವಾಯಿತು. ಅಗಲ ಬಟ್ಟಲಿನ ನೀರನ್ನು ಉದ್ದನೆಯ ಲೋಟಕ್ಕೆ ಸುರಿದಾಗ 7 ವರ್ಷದ ಮಗ ‘ಈಗ ನೀರು ಜಾಸ್ತಿಯಾಯಿತು’ ಎಂದನೆಂದು ನೀವು ಅಂಜಬೇಕಾಗಿಲ್ಲ. 2ರಿಂದ 7 ವರ್ಷ ಪೂರ್ವ ಕ್ರಿಯಾತ್ಮಕ ಹಂತ (ಕಣ್ಣಿಗೆ ಕಂಡಂತೆ ನಿರ್ಧರಿಸುವ ವಯಸ್ಸು), 7ರಿಂದ 11 ವರ್ಷ ಮೂರ್ತ ಕ್ರಿಯಾತ್ಮಕ ಹಂತ (ಕಣ್ಣೆದುರಿನ ವಸ್ತುಗಳ ಬಗ್ಗೆ ತರ್ಕಬದ್ಧವಾಗಿ ಯೋಚಿಸುವ ವಯಸ್ಸು) ಎಂದು ನಮ್ಮ ಪಠ್ಯಗಳಲ್ಲಿ ಗೆರೆ ಕೊರೆದಂತೆ ಅಚ್ಚಾಗಿರುತ್ತದೆ. ಆದರೆ ಈ ಹಂತಗಳನ್ನು ವಿವರಿಸಿದ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ಒತ್ತಿ ಹೇಳಿದ್ದು ಹಂತಗಳು ಒಂದರ ನಂತರ ಒಂದು ಬರುವ ಕ್ರಮವನ್ನೇ ಹೊರತು ಅವು ಬರುವ ವಯಸ್ಸನ್ನಲ್ಲ. ವಸ್ತುಗಳ ಜೋಡಣೆ ಬದಲಾದರೂ ಅವುಗಳ ಸಂಖ್ಯೆ ಬದಲಾಗಿಲ್ಲವೆಂದು ಅರಿತ ಮಗುವಿಗೂ ತೂಕದ ವಿಷಯದಲ್ಲಿ ಅದೇ ಅರಿವು ಮೂಡಲು ಇನ್ನೂ ಕೆಲವು ವರ್ಷ ಹಿಡಿಯುತ್ತದೆಂಬುದನ್ನು ಅವರೇ ಗುರುತಿಸಿದ್ದರು.

ಪಿಯಾಜೆಯ ದೊಡ್ಡ ಕೊಡುಗೆಯೇ ಬೇರೆ. ಪ್ಯಾರಿಸ್‌ನಲ್ಲಿ ಬುದ್ಧಿಪರೀಕ್ಷೆಗಳ ಕೆಲಸ ಮಾಡುತ್ತಿದ್ದಾಗ ಅವರ ಗಮನ ಸೆಳೆದದ್ದು ಮಕ್ಕಳ ತಪ್ಪು ಉತ್ತರಗಳು. ಆ ತಪ್ಪಿನ ಹಿಂದೆ ಮಗುವಿನದೇ ಆದ ತರ್ಕವಿದೆ ಎಂದು ಅವರು ತೋರಿಸಿಕೊಟ್ಟರು. ನಿಮ್ಮ ಮಗ ನೀರಿನ ಎತ್ತರವನ್ನು ನೋಡಿ ಉತ್ತರಿಸಿದ್ದಾನೆ, ಅದೂ ಯೋಚನೆಯೇ. ಇನ್ನು ಅವರ ಈ ಪರೀಕ್ಷೆಯ ದೌರ್ಬಲ್ಯವಿರುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ಸುರಿಯುವ ಮುನ್ನ ಒಮ್ಮೆ, ಸುರಿದ ಮೇಲೆ ಇನ್ನೊಮ್ಮೆ ಅದೇ ಪ್ರಶ್ನೆ ಕೇಳಿದರೆ, ಮೊದಲ ಉತ್ತರ ತಪ್ಪಾಗಿತ್ತೇನೋ ಎಂದು ಮಗು ತಿಳಿಯುವುದು ಸಹಜ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಸಹೋದ್ಯೋಗಿ, ‘ಎರಡೂ ಸಾಲಿನಲ್ಲಿ ಬಿಲ್ಲೆಗಳು ಅಷ್ಟೇ ಇವೆಯೇ?’ ಎಂದು ಕೇಳುವ ಇಂಥದೇ ಪರೀಕ್ಷೆಯಲ್ಲಿ, ಒಂದು ಸಾಲನ್ನು ದೊಡ್ಡವರ ಬದಲು ಒಂದು ತುಂಟ ಕರಡಿಗೊಂಬೆ ಕೆಡಿಸುವಂತೆ ಮಾಡಿದಾಗ, 4ರಿಂದ 6 ವರ್ಷದ ಮಕ್ಕಳಲ್ಲೇ ಸರಿಯುತ್ತರ ಕೊಟ್ಟವರ ಸಂಖ್ಯೆ ಬಹಳಷ್ಟು ಏರಿತು.
— ನಿವೃತ್ತ ಉಪನ್ಯಾಸಕಿ, ಮೈಸೂರು

ಮೇಲಿನ ಮಾತಿಗೆ ಸೋವಿಯತ್ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿಯನ್ನೂ ಸೇರಿಸಬೇಕು. ಮಗು ಒಂಟಿಯಾಗಿ ಏನು ಮಾಡುತ್ತದೆ ಎಂಬುದಕ್ಕಿಂತ, ಬಲ್ಲವರ ನೆರವಿನಿಂದ ಏನು ಮಾಡಬಲ್ಲದು ಎಂಬುದನ್ನು ಅವರು ಮುಖ್ಯವಾಗಿ ನೋಡಿದರು. ತರಗತಿಯಲ್ಲಿ ನನಗೆ ದಿನನಿತ್ಯ ಉಪಯೋಗಕ್ಕೆ ಬಂದದ್ದು ಇದೇ ದೃಷ್ಟಿ. ಆದರೆ 1934ರಲ್ಲಿ, 37ನೆಯ ವಯಸ್ಸಿನಲ್ಲೇ, ಅವರು ಕ್ಷಯದಿಂದ ತೀರಿಕೊಂಡದ್ದರಿಂದ ಮಗು ಒಂಟಿಯಾಗಿ ಮಾಡುವುದಕ್ಕೂ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವಾದ ‘ಸಮೀಪ ವಿಕಾಸ ವಲಯ’ವನ್ನು ಅಳೆಯುವುದು ಹೇಗೆಂಬುದು ಅಸ್ಪಷ್ಟವಾಗಿಯೇ ಉಳಿಯಿತು, ಈಗ ಶಿಕ್ಷಕರು ಮಾಡುವ ಯಾವ ಸಹಾಯಕ್ಕೂ ಆ ಹೆಸರನ್ನು ಅಂಟಿಸಲಾಗುತ್ತಿದೆ. ಮಗುವಿನ ಶಕ್ತಿ ಸಂದರ್ಭವನ್ನು ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಬ್ರೆಜಿಲ್‌ನ ರೆಸೀಫೆಯ ಮಾರುಕಟ್ಟೆಯಲ್ಲಿ ನಡೆದ, 1985ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಿ: ತೆಂಗಿನಕಾಯಿ ಮುಂತಾದವನ್ನು ಮಾರುತ್ತಿದ್ದ ಮಕ್ಕಳು ವ್ಯಾಪಾರದ ನಡುವೆ ಶೇ. 98ರಷ್ಟು ಲೆಕ್ಕಗಳನ್ನು ಸರಿಯಾಗಿ ಮಾಡಿದರು, ಅಂಥವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ಶೇ. 37 ಮಾತ್ರ. ನಮ್ಮ ಸಂತೆಗಳಲ್ಲಿ ತಾಯಿಯ ಪಕ್ಕ ಕುಳಿತು ಚಿಲ್ಲರೆ ಎಣಿಸುವ ಮಕ್ಕಳನ್ನು ಕಂಡವರಿಗೆ ಇದು ಅಚ್ಚರಿಯಲ್ಲ.
— ಪ್ರಾಥಮಿಕ ಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ

ಪತ್ರದ ಕೊನೆಯಲ್ಲಿ ನೀವು ಬರೆದ ಒಂದು ವಾಕ್ಯ ನನ್ನನ್ನು ಕಾಡುತ್ತಿದೆ: ‘ಈಗ ಲೋಟ ಕಂಡರೆ ಮಗ ಎದ್ದು ಹೋಗುತ್ತಾನೆ.’ ಮನೋವಿಶ್ಲೇಷಕ ಎರಿಕ್‌ಸನ್ ವ್ಯಕ್ತಿತ್ವದ ಬೆಳವಣಿಗೆಗೆ ಹೇಳಿದ ಎಂಟು ಹಂತಗಳಲ್ಲಿ ಶಾಲಾ ವಯಸ್ಸಿನದು ಶ್ರಮಶೀಲತೆ ಮತ್ತು ಕೀಳರಿಮೆಗಳ ನಡುವಿನ ತಾಕಲಾಟ. ಅವರ ಮಾತುಗಳನ್ನು ಪ್ರಯೋಗದಿಂದ ಪರೀಕ್ಷಿಸುವುದು ಕಷ್ಟ, ಎಲ್ಲ ಸಮಾಜಗಳಿಗೂ ಅವು ಒಂದೇ ತೆರನಾಗಿ ಹೊಂದುವುದಿಲ್ಲ, ನಿಜ. ಆದರೂ ಪಿಯಾಜೆ ಅಷ್ಟಾಗಿ ಗಮನಿಸದ ಭಾವನೆಯನ್ನು, ತಾನು ಕೈಲಾಗದವನೆಂಬ ಮಗುವಿನ ನೋವನ್ನು, ಅವರು ಮುನ್ನೆಲೆಗೆ ತಂದರು. ದಯವಿಟ್ಟು ಆ ಪರೀಕ್ಷೆಯನ್ನು ಮತ್ತೆ ಮಾಡಬೇಡಿ. ಮಾತು, ಆಟ ಅಥವಾ ಕಲಿಕೆಯಲ್ಲಿ ಬೇರೆ ಕೊರತೆ ಕಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಇಲ್ಲವಾದರೆ ಮಜ್ಜಿಗೆ ಹಂಚುವ ಕೆಲಸವನ್ನು ಅವನಿಗೇ ವಹಿಸಿ, ಯಾವ ಲೋಟಕ್ಕೆ ಎಷ್ಟು ಹಿಡಿಯುತ್ತದೆಂಬುದನ್ನು ಅವನೇ ಸುರಿದು ನೋಡಲಿ.
— ಇಬ್ಬರು ಮಕ್ಕಳ ತಾಯಿ, ಶಿವಮೊಗ್ಗ